ವಿಂಚೆಸ್ಟರ್‌ನಿಂದ ಬಂದ ಮೇಲೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಳೆದ ಶನಿವಾರ ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ, ಸುಮಾರು ಒಂದು ಗಂಟೆಯ ದಾರಿಯಾದ ವಿಂಚೆಸ್ಟರ್‌ಗೆ ಹೋಗಿ ಬಂದೆ. ಊರು ಸುತ್ತುವಾಗಲೆಲ್ಲ ನಿನ್ನದೇ ನೆನಪು. ಮನೆ ಕಟ್ಟಿಸುವವರು ಗೋಡೆಯ ಬಣ್ಣದ ಬಗ್ಗೆ ಮಾತನಾಡುತ್ತಿದ್ದರೆ, ಮಣ್ಣು ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವ ಇಂಜಿನಿಯರ್ ನೀನು. ಈ ಊರಿನ ಕೆಥೆಡ್ರಲ್ಲಿನ, ಅಂದರೆ ಬಿಷಪ್ಪರ ದೊಡ್ಡ ಚರ್ಚಿನ, ಕಥೆಯಾದರೋ ಇರುವುದೇ ಅದರ ಅಡಿಯ ಮಣ್ಣಿನಲ್ಲಿ.

ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು 1079ರಲ್ಲಿ ಆರಂಭಿಸಿದ ಆ ಬೃಹತ್ ಕಟ್ಟಡ ನಿಂತಿರುವುದು ಇಚೆನ್ ನದಿಯ ಬಯಲಿನ ಜೌಗು ನೆಲದ ಮೇಲೆ. ಹಿಂಭಾಗಕ್ಕೆ ನಡೆದಂತೆ ಗೋಡೆಗಳು ವಾಲಿರುವುದು ಬರಿಗಣ್ಣಿಗೇ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿರುಕುಗಳು ದೊಡ್ಡದಾಗಿ, ಗೋಡೆಯ ಬುಡ ಅಗೆದು ಭದ್ರಪಡಿಸಲು ಹೊರಟರೆ ಗುಂಡಿಗಳಲ್ಲಿ ನೀರು ಉಕ್ಕಿತು. ಪಂಪು ಹಚ್ಚಿ ನೀರೆತ್ತಿದರೆ ಮಣ್ಣೂ ಅದರೊಂದಿಗೆ ಹೋಗಿ ಕಟ್ಟಡವೇ ಕುಸಿಯುವ ಭಯ. ಆಗ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಅವರು ಹಿಡಿದ ದಾರಿಯನ್ನು ನೀನು ಮೆಚ್ಚುತ್ತೀಯ: ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವ ಡೈವರ್ ಒಬ್ಬನನ್ನು ಕರೆಸಿ, ನೀರೊಳಗೇ ಅಡಿಪಾಯ ಹಾಕಿಸಿದರು.

ಅವನ ಹೆಸರು ವಿಲಿಯಂ ವಾಕರ್. 1906ರಿಂದ 1911ರವರೆಗೆ, ಸುಮಾರು 6 ಮೀಟರ್ ಆಳದವರೆಗಿನ ಕೆಸರುನೀರಿಗೆ ದಿನವೂ ಇಳಿದು, ಕಣ್ಣಿಗೆ ಏನೂ ಕಾಣದ ಕಗ್ಗತ್ತಲಲ್ಲಿ ಬರಿಯ ಕೈಸ್ಪರ್ಶದಿಂದ 25 ಸಾವಿರಕ್ಕೂ ಹೆಚ್ಚು ಕಾಂಕ್ರೀಟ್ ಚೀಲಗಳನ್ನು ಜೋಡಿಸಿದ. ಅವನು ತಳವನ್ನು ಮುಚ್ಚಿದ ಮೇಲಷ್ಟೇ ನೀರು ಎತ್ತಿಸಿ ಗಾರೆಯವರು ಇಟ್ಟಿಗೆ ಕಟ್ಟಿದರು. ಮೈಮೇಲಿನ ಡೈವಿಂಗ್ ಉಡುಪು ಎಷ್ಟು ಭಾರವೆಂದರೆ, ಊಟದ ಹೊತ್ತಿನಲ್ಲಿ ಅದನ್ನು ಬಿಚ್ಚುವ ಗೊಡವೆಗೆ ಹೋಗದೆ, ತಲೆಯ ಶಿರಸ್ತ್ರಾಣವನ್ನಷ್ಟೇ ತೆಗೆದಿಟ್ಟು ಪೈಪು ಸೇದುತ್ತಿದ್ದನಂತೆ! 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡ. ನಂತರ 1964ರಲ್ಲಿ ಅವನ ಸ್ಮರಣೆಗೆಂದು ಒಂದು ಪುಟ್ಟ ಪ್ರತಿಮೆ ಇಟ್ಟರು. ನೋಡಿದರೆ ಅದರ ಮುಖ ವಾಕರನದ್ದಲ್ಲ, ಫಾಕ್ಸ್ ಸಾಹೇಬರದ್ದು! ತಪ್ಪು ಸರಿಯಾಗಿ ಹೊಸ ಪ್ರತಿಮೆ ಬಂದದ್ದು 2001ರಲ್ಲಿ. ಕೆಲಸ ಕೂಲಿಯವನದ್ದು, ಹೆಸರು ಇಂಜಿನಿಯರನದ್ದು ಎಂದು ಸೈಟಿನಲ್ಲಿ ನಿನ್ನ ಮೇಸ್ತ್ರಿ ಗೊಣಗಿದರೆ ಇದನ್ನು ಹೇಳು.

ಪಶ್ಚಿಮದ ದೊಡ್ಡ ಕಿಟಕಿಯ ಮುಂದೆಯೂ ಬಹಳ ಹೊತ್ತು ನಿಂತೆ. ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಿದ್ದ 1642ರಲ್ಲಿ ಪಾರ್ಲಿಮೆಂಟಿನ ಸೈನಿಕರು ಒಡೆದ ಬಣ್ಣದ ಗಾಜಿನ ಚೂರುಗಳನ್ನು, ಮೊದಲಿನ ಚಿತ್ರಗಳನ್ನು ಮರಳಿ ಕೂಡಿಸುವ ಗೋಜಿಗೆ ಹೋಗದೆ, ಸಿಕ್ಕ ಸಿಕ್ಕಂತೆ ಅಲ್ಲಿ ಹೊಂದಿಸಿದ್ದಾರೆ. ಅಲ್ಲೊಂದು ಕಣ್ಣು, ಇಲ್ಲೊಂದು ಸೆರಗಿನ ಅಂಚು, ಉಳಿದದ್ದೆಲ್ಲ ಬಣ್ಣ. ಅಲ್ಲಿಂದ ತುಸು ದೂರದಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಸಮಾಧಿಯಿದೆ. 1817ರ ಆ ಕಲ್ಲು ಆಕೆಯ ಗುಣಗಳನ್ನೆಲ್ಲ ಕೊಂಡಾಡಿ, ಕಾದಂಬರಿಗಳ ಮಾತನ್ನೇ ಎತ್ತುವುದಿಲ್ಲ.

ಮಧ್ಯಾಹ್ನ ನದಿಯಂಚಿನ ಹುಲ್ಲುಗಾವಲಿನಲ್ಲಿ ಸೇಂಟ್ ಕ್ರಾಸ್ ಧರ್ಮಶಾಲೆಗೆ ನಡೆದೆ. ದಾರಿಹೋಕರು ಯಾರೇ ಕೇಳಿದರೂ ಒಂದು ತುಂಡು ಬ್ರೆಡ್ಡು, ಒಂದು ಗುಟುಕು ಬಿಯರ್ ಕೊಡುವುದು ಅಲ್ಲಿಯ ಹಳೆಯ ಪದ್ಧತಿ. ಕೇಳಲು ಮೊದಲು ಸಂಕೋಚವಾಯಿತು. ಧರ್ಮಸ್ಥಳದ ಪಂಕ್ತಿಯಲ್ಲಿ ಕೂರುವಾಗ ಇಲ್ಲದ ಸಂಕೋಚ ಇಲ್ಲೇಕೆಂದು ಕೇಳಿಯೇಬಿಟ್ಟೆ. ಬ್ರೆಡ್ಡು ಬೆರಳೆರಡರಷ್ಟಿತ್ತು. ಹಸಿ ನೆಲದಲ್ಲಿ ನಡೆದು ಬೂಟಿನೊಳಗೆಲ್ಲ ನೀರು ತುಂಬಿತ್ತು.

ಅಂಥ ನೆಲದಲ್ಲಿ, ಅಂಥ ಭಾರದ ಕಟ್ಟಡ ಕುಸಿಯುತ್ತಿದ್ದರೆ, ಇಂದು ನೀನಾದರೆ ಏನು ಮಾಡುತ್ತಿದ್ದೆ? ಬಿಡುವು ಮಾಡಿಕೊಂಡು ಚಿತ್ರ ಬರೆದು ಕಳುಹಿಸು.

ನಿನ್ನ ಗೆಳೆಯ