ಸಣ್ಣ ಕಾರ್ಖಾನೆಗೂ ಬೇಕು ಡಿಜಿಟಲ್ ಮೀಟರ್

ಮಾನ್ಯ ಸಂಪಾದಕರೇ,

ಕೈಗಾರಿಕೆಗಳು ಪರಿಸರಸ್ನೇಹಿಯಾಗಬೇಕೆಂಬ ಮಾತು ಬಂದಾಗಲೆಲ್ಲ ಸೌರಫಲಕ, ರೋಬಾಟ್‌ಗಳ ಚರ್ಚೆಯೇ ಹೆಚ್ಚು. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ದುಡಿದ ನನಗೆ ಮೊದಲು ನೆನಪಾಗುವುದು, ಊಟದ ಬಿಡುವಿನಲ್ಲಿ ಲೇತ್‌ಗಳೆಲ್ಲ ನಿಂತ ಮೇಲೂ ಪೈಪುಗಳಿಂದ ಕೇಳಿಸುವ ಗಾಳಿ ಸೋರಿಕೆಯ ಸದ್ದು.

ಗಾಳಿಯನ್ನು ಒತ್ತಿ ಪೈಪುಗಳ ಮೂಲಕ ಯಂತ್ರಗಳಿಗೆ ಕಳುಹಿಸುವ ಏರ್ ಕಂಪ್ರೆಸರ್ ಎಳೆಯುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗಿ, ಯಂತ್ರದ ಬಳಿ ಕೆಲಸಕ್ಕೆ ಒದಗುವುದು ಶೇ 10ರಿಂದ 20ರಷ್ಟು ಮಾತ್ರ. ಅಷ್ಟು ದುಬಾರಿಯಾದ ಗಾಳಿಯಲ್ಲಿ ಶೇ 20ರಿಂದ 30ರಷ್ಟು, ನಿರ್ವಹಣೆ ಸಡಿಲವಾಗಿರುವ ಕಡೆ, ಸವೆದ ವಾಷರ್, ಹಳೆಯ ಹೋಸ್‌ಪೈಪುಗಳ ಮೂಲಕ ಸೋರಿಹೋಗುವುದು ಸಾಮಾನ್ಯ. ಎಣ್ಣೆ ಸೋರಿದರೆ ನೆಲದ ಮೇಲೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ತಿಂಗಳಿಗೊಮ್ಮೆ ಬರುವ ಬಿಲ್ಲು ಒಟ್ಟು ಯೂನಿಟ್ಟುಗಳನ್ನು ತಿಳಿಸುತ್ತದೆಯೇ ಹೊರತು, ಯಾವ ಯಂತ್ರ ಯಾವ ಪಾಳಿಯಲ್ಲಿ ಏನನ್ನೂ ತಯಾರಿಸದೆ ಎಷ್ಟು ವಿದ್ಯುತ್ ನುಂಗಿತೆಂದು ತಿಳಿಸುವುದಿಲ್ಲ.

ಡಿಜಿಟಲ್ ತಂತ್ರಜ್ಞಾನ ನೆರವಾಗುವುದು ಇಲ್ಲಿಯೇ. ಕಂಪ್ರೆಸರಿಗೆ ಪ್ರತ್ಯೇಕ ಮೀಟರ್ ಅಳವಡಿಸಿ ಮೊಬೈಲಿಗೆ ಜೋಡಿಸಿದರೆ, ಗಾಳಿ ಬಳಸುವವರೇ ಇಲ್ಲದ ಹೊತ್ತಿನಲ್ಲಿ ಅದು ಎಷ್ಟು ಬಾರಿ ಲೋಡ್ ಆಯಿತೆಂಬುದು, ಅಂದರೆ ಗಾಳಿ ಒತ್ತಲು ಓಡಿತೆಂಬುದು, ಗ್ರಾಫಿನಲ್ಲಿ ಕಾಣುತ್ತದೆ. ಆಗ ಓಡಿದ್ದೆಲ್ಲ ಸೋರಿಕೆಯನ್ನು ತುಂಬಲು ಓಡಿದ್ದು. ಸೋರಿಕೆ ಮುಚ್ಚಿದ ಮೇಲೆ ಒತ್ತಡವನ್ನೂ ಇಳಿಸಬಹುದು. ಏಳು ಬಾರ್ (ಒತ್ತಡದ ಅಳತೆ) ಆಸುಪಾಸಿನಲ್ಲಿ ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ ಬಳಕೆ ಸುಮಾರು ಶೇ 6ರಿಂದ 7ರಷ್ಟು ತಗ್ಗುತ್ತದೆ.

ಇಂಧನ ದಕ್ಷತಾ ಬ್ಯೂರೊ 2025ರಲ್ಲಿ ಆರಂಭಿಸಿದ ಯೋಜನೆಯಡಿ, ಇಂಧನ ಉಳಿಸುವ ಯಂತ್ರಗಳಿಗಾಗಿ ಸಾಲ ಪಡೆಯುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಶೇ 5ರ ಬಡ್ಡಿ ಸಹಾಯಧನವಿದೆ. ಇದು ಸ್ವಾಗತಾರ್ಹ. ಆದರೆ ಹತ್ತು ಜನರ ಶೆಡ್ಡಿನ ಮಾಲೀಕರಿಗೆ, ಯಾವ ಯಂತ್ರ ಬದಲಿಸಬೇಕೆಂದು ತಿಳಿಯುವ ಮುನ್ನವೇ ಸಾಲಕ್ಕೆ ಕೈಹಾಕುವ ಧೈರ್ಯ ಬರುವುದು ಕಷ್ಟ. ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಇಂತಹ ಮೀಟರುಗಳನ್ನೂ ಸೋರಿಕೆ ಪತ್ತೆಮಾಡುವ ಅಲ್ಟ್ರಾಸೋನಿಕ್ ಉಪಕರಣಗಳನ್ನೂ ಇಟ್ಟುಕೊಂಡು, ಪ್ರತಿ ಕಾರ್ಖಾನೆಗೆ ಎರಡು ವಾರ ಎರವಲು ಕೊಡಬೇಕು. ಅಳತೆಗೆ ಪಾಲಿಟೆಕ್ನಿಕ್ ವಿದ್ಯಾರ್ಥಿಗಳನ್ನು ಕಳುಹಿಸಬಹುದು. ಮಾಹಿತಿ ಕನ್ನಡದಲ್ಲಿರಲಿ, ಯಂತ್ರ ನಡೆಸುವವರಿಗೂ ಕಾಣುವಂತಿರಲಿ. ಆದರೆ ಕಾರ್ಮಿಕರ ಮೇಲೆ ಕಣ್ಣಿಡಲು ಅದನ್ನು ಬಳಸಬಾರದು. ಸೋರುವ ಜಾಗಗಳು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೇ.

– ಓದುಗ, ಪೀಣ್ಯ, ಬೆಂಗಳೂರು