ಬೆಂಡಿಲ್ಲದ ಗಾಳ

ಚಿ. ಪುಟ್ಟನಿಗೆ ಆಶೀರ್ವಾದಗಳು.

ಅಮೆರಿಕದ ಮಿನೆಸೋಟದಲ್ಲಿ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿದೆಯಂತೆ, ಸಂತೋಷ. ಊರ ಕೆರೆಯಲ್ಲಿ ಬೆಂಡು ಮುಳುಗುವುದನ್ನೇ ಕಾಯುತ್ತಿದ್ದ ಅಭ್ಯಾಸ ಮೊದಲು ಬಿಡು. ಅಲ್ಲಿ ನೀನು ಬಳಸುವುದು ಜಿಗ್, ಅಂದರೆ ತಲೆಗೆ ಲೋಹದ ಗುಂಡು ಕೂರಿಸಿದ ಕೊಕ್ಕೆ. ಜಿಗ್ಗಿಗೆ ಬೆಂಡಿಲ್ಲ. ದಾರ ನೀರು ಸೇರುವ ಜಾಗ ಇದೆಯಲ್ಲ, ಅದೇ ನಿನ್ನ ಬೆಂಡು.

ವಾಲ್‌ಐ ಮೀನಿನಿಂದ ಶುರುಮಾಡು. 10 ಅಡಿ ಆಳಕ್ಕೆ 3.5 ಗ್ರಾಂ ಜಿಗ್, 20 ಅಡಿಗೆ 7 ಗ್ರಾಂ. ಗಾಳಿ ಜೋರಿದ್ದರೆ ಇನ್ನೊಂದು ಅಳತೆ ಭಾರದ್ದು. ಎರೆಗೆ ಹಾಕುವ ಮಿನ್ನೋ ಎಂಬ ಪುಟ್ಟ ಮೀನಿನ ಬಾಯೊಳಗಿಂದ ಕೊಕ್ಕೆ ತೂರಿಸಿ ನೆತ್ತಿಯಲ್ಲಿ ಹೊರತೆಗೆ. ಜಿಗ್ ತಳ ಮುಟ್ಟಿದ ಮೇಲೆ ಗೇಣುದ್ದ ಎತ್ತು, ಇಳಿಸು. ಎತ್ತುವುದು ಮೀನನ್ನು ಕರೆಯುವುದಕ್ಕೆ, ಅದು ಬಾಯಿ ಹಾಕುವುದು ಹೆಚ್ಚಾಗಿ ಜಿಗ್ ಇಳಿಯುವಾಗ. ಎಲ್ಲರೂ ಎಡವುವುದು ಇಲ್ಲೇ. ಕೋಲನ್ನು ದಬಕ್ಕನೆ ಇಳಿಸಿದರೆ ದಾರ ಸಡಿಲಾಗಿ, ಮೀನು ಕಚ್ಚಿ ಉಗುಳಿದ್ದೂ ತಿಳಿಯುವುದಿಲ್ಲ. ತೀರಾ ಬಿಗಿಹಿಡಿದರೆ ಜಿಗ್ ಸರಿಯಾಗಿ ಬೀಳುವುದೇ ಇಲ್ಲ. ಕೋಲಿನ ತುದಿ ಜಿಗ್ಗಿನ ಜೊತೆಜೊತೆಗೇ ಇಳಿಯಲಿ. ಟಕ್ ಅಂದರೆ, ಇಲ್ಲವೇ ತಳ ಸಿಗುವ ಮೊದಲೇ ದಾರ ನಿಂತರೆ, ಎಳೆ.

ದೋಣಿಯ ನೇರ ಕೆಳಗೆ ಆಡಿಸುವಾಗ ಗಂಟಿನ ಮೇಲೂ ಕಣ್ಣಿರಲಿ. ದಾರ ಕಟ್ಟುವ ಜಿಗ್ಗಿನ ಬಳೆಯಲ್ಲಿ ಅದು ಮುಂದಕ್ಕೆ ಜಾರಿದರೆ ಜಿಗ್ ಬಾಲ ಕೆಳಗಾಗಿ ನೇತಾಡುತ್ತದೆ. ಪ್ರತಿ ಮೀನಿನ ನಂತರ ಗಂಟನ್ನು ಉಗುರಿನಿಂದ ಹಿಂದಕ್ಕೆ ತಳ್ಳಿ, ಜಿಗ್ ಅಡ್ಡಕ್ಕೆ ನಿಲ್ಲುವಂತೆ ಮಾಡು. ಹಾಂ, ಸೀಸದ ಜಿಗ್ ಬೇಡ, ಟಂಗ್‌ಸ್ಟನ್ ಕೊಂಡುಕೋ. ಕಳಚಿಬಿದ್ದ ಸೀಸ ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ. ದುಬಾರಿ ಎಂದು ಗೊಣಗಬೇಡ.

ಕ್ರಾಪಿ ಮೀನಿಗೆ ಈ ಎತ್ತಾಟವೇ ಬೇಡ. 1 ಗ್ರಾಂ ಜಿಗ್, 4 ಪೌಂಡ್ ಭಾರ ತಡೆಯುವ ದಾರ. ಅದರ ನೋಟ ಮೇಲಕ್ಕೆ, ಹಾಗಾಗಿ ಗುಂಪಿಗಿಂತ ಒಂದಡಿ ಮೇಲೆ ಅಲುಗಿಸದೆ ಹಿಡಿ. ಕಚ್ಚಿಕೊಂಡು ಮೇಲೇರುವ ಮೀನಾದ್ದರಿಂದ ಎಷ್ಟೋ ಸಲ ದಾರ ಬಿಗಿಯಾಗುವ ಬದಲು ಸಡಿಲಾಗುತ್ತದೆ. ಆಗ ಜಗ್ಗಿದೆಯೋ, ಈರುಳ್ಳಿ ಸಿಪ್ಪೆಯಂಥ ತುಟಿ ಹರಿದೇ ಹೋಯಿತು. ಮೆಲ್ಲಗೆ ಎತ್ತಿದರೆ ಸಾಕು.

ಸುಪೀರಿಯರ್ ಸರೋವರದ ಲೇಕ್ ಟ್ರೌಟ್ ಮೀನು ಇದಕ್ಕೆ ತದ್ವಿರುದ್ಧ. 100 ಅಡಿಗೆ 28 ಗ್ರಾಂ ಜಿಗ್, ಅದಕ್ಕೆ ಸಿಕ್ಕಿಸುವ ಬಿಳಿ ಟ್ಯೂಬ್ (ಮೆತ್ತನೆಯ ಪ್ಲಾಸ್ಟಿಕ್ ಎರೆ), ಹೆಣೆದ ದಾರ. ಅಷ್ಟು ಆಳದಲ್ಲಿ ನೈಲಾನ್ ಹಿಗ್ಗಿ ನಿನ್ನ ಎಳೆತವನ್ನೇ ನುಂಗಿಬಿಡುತ್ತದೆ. ತಳದಲ್ಲಿ ಎರಡು ಸಲ ಕುಣಿಸಿ ರೀಲ್ ಸುತ್ತುತ್ತಾ ಬಾ. ಮೀನು ಬೆನ್ನುಹತ್ತಿದ್ದು ಸೋನಾರಿನಲ್ಲಿ (ನೀರೊಳಗಿನ ಮೀನು ತೋರಿಸುವ ಯಂತ್ರ) ಕಂಡರೆ ನಿಲ್ಲಿಸಬೇಡ, ಇನ್ನೂ ಬೇಗ ಸುತ್ತು.

ಆಳದಿಂದ ಬಂದ ಟ್ರೌಟ್ ಬಾಯಿಂದ ಗಾಳಿ ಬಿಟ್ಟು ಮತ್ತೆ ಇಳಿಯಬಲ್ಲದು. ವಾಲ್‌ಐಗೆ ಅದು ಆಗದು, ಗಾಳಿಚೀಲ ಉಬ್ಬಿ ನೀರ ಮೇಲೇ ಉಳಿದುಬಿಡುತ್ತದೆ. ಹಿಡಿದು ಬಿಡುವ ಮನಸ್ಸಿದ್ದ ದಿನ ವಾಲ್‌ಐಗೆಂದು 30 ಅಡಿಗಿಂತ ಕೆಳಗೆ ಜಿಗ್ ಇಳಿಸಲೇಬೇಡ.

ಇತಿ,
ನಿನ್ನ ಸೋದರಮಾವ