ನೇರಪ್ರಸಾರದಲ್ಲಿ ಓದುವ ಮಗಳಿಗೆ

ಶಕ್ತಿನಗರ, ರಾಯಚೂರು ಜಿಲ್ಲೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಮೊಬೈಲ್ ಮುಂದೆ ಓದುವ ನಾಟಕ ಆಡುತ್ತೀಯ ಎಂದು ನಿನ್ನಪ್ಪ ಫೋನಿನಲ್ಲಿ ರೇಗಿದ. ನೋಡಿಯೇ ಬಿಡೋಣ ಎಂದು ಗುರುವಾರ ರಾತ್ರಿ ನಿನ್ನ ನೇರಪ್ರಸಾರದ ಮುಂದೆ ಮೂರು ಗಂಟೆ ಕುಳಿತೆ. 25 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದಾಗ, ನಿನ್ನನ್ನು ನೋಡುತ್ತಾ ತಮ್ಮ ತಮ್ಮ ಮನೆಯಲ್ಲಿ ಜೊತೆಗೆ ಓದುವವರೆಲ್ಲ ನೀರು ಕುಡಿಯಲು ಎದ್ದರು. ನೀನು ಆ ಐದು ನಿಮಿಷವನ್ನೂ ಅವರಿಗೆ ಉತ್ತರಿಸುವುದರಲ್ಲೇ ಕಳೆದೆ. ಯಾವನೋ ಹೊಲಸು ಮಾತು ಬರೆದ. ಅಳಿಸಿ, ಅವನನ್ನು ಹೊರಗಟ್ಟಿ, ಮುಖಭಾವ ಬದಲಿಸದೆ ಪುಟ ತಿರುವಿದೆ. ಹತ್ತಕ್ಕೆ ಕರೆಂಟು ಹೋಯಿತು. ಹತ್ತಿರದಲ್ಲೇ 1,720 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ, ದೀಪದ ಬುಡದಲ್ಲಿ ಕತ್ತಲೆ! ಮರಳಿ ಬಂದವಳು ನಿನ್ನದೇ ತಪ್ಪೆಂಬಂತೆ ಕ್ಷಮೆ ಕೇಳಿದೆ.

ಸುಮ್ಮನೆ ಕುಳಿತಂತೆ ಕಾಣುವ ಕೆಲಸ ನನಗೆ ಹೊಸದಲ್ಲ. 1985ರಲ್ಲಿ ಇಲ್ಲಿನ ಮೊದಲ ಘಟಕ ಶುರುವಾದಾಗಿನಿಂದ ನಿಯಂತ್ರಣ ಕೊಠಡಿಯ ರಾತ್ರಿಪಾಳಿಯಲ್ಲಿ ಮಾಪಕಗಳ ಮುಳ್ಳು ನೋಡುತ್ತಾ ಕುಳಿತವನು ನಾನು. ‘ಕುರ್ಚಿ ಬಿಸಿ ಮಾಡಿ ಸಂಬಳ ಎಣಿಸುತ್ತಾನೆ’ ಎಂದು ಇದೇ ನಿನ್ನಪ್ಪ ನಗುತ್ತಿದ್ದ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಮಿತಿಗಿಂತ ಇಳಿದರೆ ಘಟಕವೇ ನಿಂತು, 210 ಮೆಗಾವ್ಯಾಟ್ ಒಂದೇ ಏಟಿಗೆ ಕೈಬಿಡುತ್ತದೆ ಎಂಬುದು ಅವನಿಗೇನು ಗೊತ್ತು.

ಆದರೆ ನಿನಗೂ ಒಂದು ಮಾತು ಹೇಳಬೇಕು. ಆ ಮೂರು ಗಂಟೆಯೂ ನೀನು ಓದಿದ್ದು ಇತಿಹಾಸ. ನಿನಗೆ ಕಬ್ಬಿಣದ ಕಡಲೆಯಾಗಿರುವ ಗಣಿತದ ಪುಸ್ತಕ ಮೇಜಿನ ಅಂಚಿನಲ್ಲೇ ಇತ್ತು. ನಾಲ್ಕು ಜನ ನೋಡುತ್ತಿರುವಾಗ ಬಾರದ ಲೆಕ್ಕದ ಮುಂದೆ ಪೆನ್ನು ಕಚ್ಚುತ್ತಾ ಕೂರಲು ಯಾರಿಗೆ ಮನಸ್ಸಾಗುತ್ತದೆ? ಜನರೆದುರು ಪಳಗಿದ ಕೆಲಸ ಚುರುಕಾಗುತ್ತದೆ, ಹೊಸದಾಗಿ ಕಲಿಯಬೇಕಾದದ್ದು ಎಡವುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಟ್ಸ್ 1965ರಲ್ಲೇ ಬರೆದಿದ್ದರು. ಆದ್ದರಿಂದ ಓದಿದ್ದನ್ನು ಮತ್ತೆ ಓದುವಾಗ ಎಲ್ಲರೊಂದಿಗೆ ಕೂರು. ಗಣಿತವನ್ನು ಬೆಳಗಿನ ಐದಕ್ಕೆ, ಬಾಗಿಲು ಹಾಕಿಕೊಂಡು ಮಾಡು. ಪ್ರಸಾರದ ಗಂಟೆಗಳನ್ನು ದುಡಿಮೆಯ ಲೆಕ್ಕಕ್ಕೆ ಬರೆ, ಪೂರ್ತಿಯಾಗಿ ಓದಿನ ಲೆಕ್ಕಕ್ಕೆ ಸೇರಿಸಬೇಡ. ಹೊಲಸು ಅಳಿಸುವ ಕೆಲಸವನ್ನು ನಂಬಿಕೆಯ ಗೆಳತಿಯೊಬ್ಬಳಿಗೆ ಒಪ್ಪಿಸು. ಕಿಟಕಿಯ ಪರದೆಯನ್ನೂ ಎಳೆ. ಎದುರಿನ ಅಂಗಡಿಯ ಫಲಕ ಓದಿದ ಯಾರಾದರೂ ನಿಮ್ಮ ಓಣಿಯನ್ನು ಹುಡುಕಿಕೊಂಡು ಬರಬಹುದು.

ನಿನ್ನಪ್ಪನ ಜೊತೆ ನಾನು ಮಾತನಾಡುತ್ತೇನೆ. ಭಾನುವಾರ ಬಂದು ನನ್ನ ಹಳೆಯ ಯುಪಿಎಸ್ ತೆಗೆದುಕೊಂಡು ಹೋಗು, ಬ್ಯಾಟರಿ ಹೊಸದು ಹಾಕಿಸಿದ್ದೇನೆ. ರೂಟರಿಗೆ ಮಾತ್ರ ಜೋಡಿಸು, ಫ್ಯಾನಿಗಲ್ಲ.

ನಿನ್ನ ದೊಡ್ಡಪ್ಪ